ಗುಳಿಗೆ ಗಳಿಸಿಕೊಟ್ಟ ಆಯುಷ್ಯ, ಬೀಡಿಗೆ ತೆರುವ ಸುಂಕ

ಕಳೆದ ತಿಂಗಳು ಒಂದು ಸಂಜೆ ನಮ್ಮ ಕಛೇರಿಯ ಎರಡನೆಯ ಮಾಳಿಗೆಯನ್ನೇರಿ ಬಂದ ಹಳೆಯ ಪರಿಚಿತರೊಬ್ಬರು ಬಾಗಿಲ ಚೌಕಟ್ಟನ್ನು ಹಿಡಿದು ನಿಂತು, ಮಾತಿಗೆ ಉಸಿರು ಸಾಲದೆ, ಬರಿಯ ಕೈಸನ್ನೆಯಿಂದಲೇ ನಮಸ್ಕರಿಸಿದರು. ಅವರ ವಯಸ್ಸು ಇನ್ನೂ ನಾಲ್ವತ್ತೆಂಟನ್ನು ಮೀರಿಲ್ಲ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವರು ಆಡಿದ ಮೊದಲ ಮಾತು ಇದು: “ದೊಡ್ಡ ಕಾಯಿಲೆ ನನ್ನನ್ನು ಕೊಲ್ಲಲಿಲ್ಲ, ಧಣಿ. ಬೀಡಿ ಕೊಲ್ಲುತ್ತಾ ಉಂಟು.”

ಆ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಈ ಪತ್ರಿಕೆಯ ಭಾರವನ್ನು ಹೊರುವುದಕ್ಕೆ ಮುಂಚೆ ನಾವು ಹೊಟೇಲು ನಡೆಸುತ್ತಿದ್ದೆವೆಂಬುದನ್ನು ವಾಚಕರು ಬಲ್ಲರು. ೨೦೦೯ರಲ್ಲಿ ಈ ಗೃಹಸ್ಥರು ನಮ್ಮ ಅಡಿಗೆಮನೆಯಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಮೈ ಇಳಿದು, ಜ್ವರ ಬಿಡದೆ, ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಎಚ್‌ಐವಿ ಇರುವುದು ಗೊತ್ತಾಯಿತು. ಸುದ್ದಿ ಹೇಗೋ ಅಡಿಗೆಮನೆಗೂ ಮುಟ್ಟಿತು. ನಾವು ಎರಡು ತಿಂಗಳ ಸಂಬಳವನ್ನು ಅವರ ಕೈಯಲ್ಲಿರಿಸಿ, “ಊರಲ್ಲಿ ಸ್ವಲ್ಪ ದಿನ ಇದ್ದು ಬಾ ಮಾರಾಯ” ಎಂದು ಹೇಳಿ ರೈಲು ಹತ್ತಿಸಿದೆವು. ಬಾ ಎಂದೆವೇ ಹೊರತು ಮತ್ತೆ ಕರೆಸಿಕೊಳ್ಳಲಿಲ್ಲ. ಅಂದು ಅದನ್ನು ಔದಾರ್ಯವೆಂದು ಭಾವಿಸಿದ್ದೆವು; ಶುದ್ಧ ಹೇಡಿತನವೆಂದು ಇಂದು ಒಪ್ಪಿಕೊಳ್ಳುತ್ತೇವೆ. ಜೊತೆಯಲ್ಲಿ ಉಂಡರೆ, ಒಬ್ಬರು ಎರೆದ ದೋಸೆಯನ್ನು ಮತ್ತೊಬ್ಬರು ತಿಂದರೆ ಈ ರೋಗ ಅಂಟುವುದಿಲ್ಲವೆಂಬುದು ಅಂದೂ ವೈದ್ಯರಿಗೆ ತಿಳಿದಿತ್ತು. ಕೇಳುವ ವ್ಯವಧಾನ ನಮಗಿರಲಿಲ್ಲ.

ಅವರು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಔಷಧವನ್ನು ಆರಂಭಿಸಿದರು, ಮೈ ತುಂಬಿಕೊಂಡಿತು. ಎರಡು ವರ್ಷಗಳ ಬಳಿಕ ಮುಂಬಯಿಗೆ ಮರಳಿ ಬೇರೊಂದು ಹೊಟೇಲನ್ನು ಸೇರಿದರು. ಅಂದಿನಿಂದ ಇಂದಿನವರೆಗೆ ಗುಳಿಗೆಯನ್ನು ತಪ್ಪಿಸಿದವರಲ್ಲ. ಪ್ರತಿ ಪರೀಕ್ಷೆಯಲ್ಲಿಯೂ ವೈರಸ್ಸು ಕಾಣಸಿಗದಷ್ಟು ಕಡಿಮೆಯೆಂದೇ ವರದಿ ಬರುತ್ತದೆ. ಹಾಗಿದ್ದೂ ಎರಡು ಮಾಳಿಗೆಯನ್ನು ಹತ್ತಲಾರದ ಸ್ಥಿತಿ ಏಕೆ ಬಂತೆಂದರೆ, ದಿನಕ್ಕೆ ಎರಡು ಕಟ್ಟು ಬೀಡಿ. ಶ್ವಾಸಕೋಶ ಸವೆದುಹೋಗಿದೆ, ಸವೆದುದು ಮತ್ತೆ ಬೆಳೆಯುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. “ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ” ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಸಂದರ್ಭವನ್ನು ನಾವು ಕಂಡಿಲ್ಲ.

ಈ ವಿಷಯವನ್ನು ಪತ್ರಿಕೆಯಲ್ಲಿ ಎತ್ತುವುದು ಹಲವರಿಗೆ ಸರಿಬಾರದಿರಬಹುದು. ಎಚ್‌ಐವಿಯ ಮಾತು ಬಂದೊಡನೆ ಸ್ವರ ತಗ್ಗಿಸುವುದು ನಮ್ಮವರ ರೂಢಿ. ಬೀಡಿಯ ಮಾತು ಬಂದರೆ ನಕ್ಕುಬಿಡುವುದೂ ರೂಢಿ. ಮೊದಲನೆಯದನ್ನು ಮುಚ್ಚಿಟ್ಟು, ಎರಡನೆಯದನ್ನು ಹಗುರ ಮಾಡಿ, ಇವೆರಡೂ ಒಂದೇ ದೇಹದಲ್ಲಿ ಕೂಡಿದಾಗ ಏನಾಗುತ್ತದೆಂಬುದನ್ನು ನಾವು ಯೋಚಿಸುವುದೇ ಇಲ್ಲ. ಅದನ್ನು ಯೋಚಿಸಬೇಕಾದ ಕಾಲ ಬಂದಿದೆ.

ಮೊದಲು ಶುಭವಾರ್ತೆಯನ್ನು ಹೇಳೋಣ. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು ೧೯೮೬ರಲ್ಲಿ, ಮದರಾಸಿನಲ್ಲಿ. ಅಂದು ಅದು ಮರಣದ ಓಲೆಯೇ ಆಗಿತ್ತು. ೨೦೦೪ರ ಏಪ್ರಿಲ್ ೧ರಿಂದ ಸರಕಾರವು ಎ.ಆರ್.ಟಿ. ಎಂಬ ಔಷಧವನ್ನು ಧರ್ಮಾರ್ಥವಾಗಿ ಕೊಡತೊಡಗಿತು. ಮೊದಮೊದಲು ದೇಹಶಕ್ತಿ ಬಹಳ ಕುಂದಿದವರಿಗೆ ಮಾತ್ರ ಕೊಡುತ್ತಿದ್ದುದನ್ನು ೨೦೧೭ರಿಂದ ಸೋಂಕು ತಿಳಿದ ಎಲ್ಲರಿಗೂ ಕೊಡಲಾಗುತ್ತಿದೆ. ಇಂದು ಬಹುಮಂದಿಗೆ ದಿನಕ್ಕೆ ಒಂದೇ ಗುಳಿಗೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಆ ಒಂದರಲ್ಲಿಯೇ ಅಡಕವಾಗಿವೆ. ಅದನ್ನು ತಪ್ಪದೆ ನುಂಗುತ್ತ ಬಂದು, ರಕ್ತದಲ್ಲಿ ವೈರಸ್ಸು ಕಾಣಸಿಗದ ಸ್ಥಿತಿಯನ್ನು ಉಳಿಸಿಕೊಂಡವರಿಂದ ದಾಂಪತ್ಯ ಸಂಬಂಧದಲ್ಲಿಯೂ ಸೋಂಕು ಹರಡುವುದಿಲ್ಲ. ಅವರು ಮದುವೆಯಾಗಬಹುದು, ಮಕ್ಕಳನ್ನು ಪಡೆಯಬಹುದು, ದುಡಿದು ಉಣ್ಣಬಹುದು. ಇದು ನಮ್ಮ ಕಾಲದ ದೊಡ್ಡ ಸಾಧನೆಗಳಲ್ಲಿ ಒಂದು.

ಗುಮಾಸ್ತ ಬಂಧುಗಳಿಗೆ ಅರ್ಥವಾಗುವಂತೆ ಹೇಳುವುದಾದರೆ, ಈ ಚಿಕಿತ್ಸೆಯ ಲೆಕ್ಕಪುಸ್ತಕದಲ್ಲಿ ಎರಡು ಕಲಮುಗಳಿವೆ. ಒಂದು ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ಸು ಎಷ್ಟಿದೆಯೆಂಬ ಎಣಿಕೆ, ಅದು ಇಳಿಯಬೇಕು. ಇನ್ನೊಂದು ಸಿಡಿ೪, ಅಂದರೆ ರೋಗವನ್ನೆದುರಿಸುವ ಕಣಗಳ ಎಣಿಕೆ, ಅದು ಏರಬೇಕು. ಆಸ್ಪತ್ರೆಯವರು ಈ ಎರಡನ್ನೂ ನೋಡಿ ಚಿಕಿತ್ಸೆ ಫಲಿಸಿದೆಯೋ ಇಲ್ಲವೋ ಎಂದು ನಿರ್ಣಯಿಸುತ್ತಾರೆ. ಆದರೆ ಯಾವ ಕಲಮಿನಲ್ಲಿಯೂ ಕಾಣದ ಒಂದು ಖರ್ಚು ದಿನವೂ ಸದ್ದಿಲ್ಲದೆ ಬೀಳುತ್ತಿರುತ್ತದೆ. ಅದೇ ಬೀಡಿ ಸಿಗರೇಟಿನ ಖರ್ಚು.

೨೦೦೬ರಲ್ಲಿ ಅಮೇರಿಕೆಯಲ್ಲಿ, ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯುತ್ತಿದ್ದ ಒಂಬೈನೂರಕ್ಕೂ ಹೆಚ್ಚು ಸ್ತ್ರೀಯರನ್ನು ಕುರಿತ ಒಂದು ಅಧ್ಯಯನ ಪ್ರಕಟವಾಯಿತು. ಧೂಮಪಾನ ಮಾಡುತ್ತಿದ್ದವರಲ್ಲಿ, ಮಾಡದವರಲ್ಲಿದ್ದಷ್ಟು ಚೆನ್ನಾಗಿ ವೈರಸ್ಸು ಇಳಿಯಲಿಲ್ಲ, ಸಿಡಿ೪ ಏರಲಿಲ್ಲ, ಒಮ್ಮೆ ಇಳಿದ ವೈರಸ್ಸು ಮತ್ತೆ ತಲೆಯೆತ್ತುವುದೂ ಹೆಚ್ಚಾಗಿ ಕಂಡಿತು, ಸಾವೂ ಹೆಚ್ಚಿತ್ತು. ಎಲ್ಲ ಅಧ್ಯಯನಗಳೂ ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುವುದಿಲ್ಲವೆಂಬುದನ್ನೂ ಇಲ್ಲಿ ತಿಳಿಸುವುದು ನ್ಯಾಯ. ಗುಳಿಗೆಯನ್ನು ಕ್ರಮವಾಗಿ ನುಂಗಿದವರಲ್ಲಿ ವೈರಸ್ಸಿನ ಮಟ್ಟಿಗೆ ಅಂತರ ಕಡಿಮೆಯೆಂದು ಕಂಡುಬಂದುದೂ ಉಂಟು. ಧೂಮಪಾನಿಗಳು ಗುಳಿಗೆಯನ್ನು ತಪ್ಪಿಸುವುದು ಹೆಚ್ಚೆಂಬುದು ಇದಕ್ಕೆ ಒಂದು ಕಾರಣ. ಬೀಡಿಯ ಜೊತೆಗೆ ಕುಡಿತ, ಕುಡಿತದ ಜೊತೆಗೆ ಮರೆವು. ಈ ಸರಪಳಿಯನ್ನು ನಮ್ಮ ಹೊಟೇಲಿನ ಕೊಠಡಿಗಳಲ್ಲಿ ಕಾಣದವರಾರು?

ಆದರೆ ಆಯುಷ್ಯದ ವಿಷಯಕ್ಕೆ ಬಂದರೆ ಇಂತಹ ಭಿನ್ನಮತಕ್ಕೆ ಎಡೆಯಿಲ್ಲ. ಡೆನ್ಮಾರ್ಕ್ ದೇಶದಲ್ಲಿ ಎಚ್‌ಐವಿ ಇರುವವರಿಗೆ ಔಷಧ ಧರ್ಮಾರ್ಥವಾಗಿ ದೊರೆಯುತ್ತದೆ, ವೈದ್ಯರ ನಿಗಾ ಕ್ರಮವಾಗಿರುತ್ತದೆ. ಅಲ್ಲಿನ ಮೂರು ಸಾವಿರಕ್ಕೆ ಸಮೀಪದಷ್ಟು ರೋಗಿಗಳ ಲೆಕ್ಕವನ್ನು ತೆಗೆದು ೨೦೧೩ರಲ್ಲಿ ಪ್ರಕಟಿಸಿದಾಗ ತಿಳಿದುಬಂದುದೇನೆಂದರೆ, ಎಚ್‌ಐವಿಯ ಕಾರಣದಿಂದ ಕಳೆದುಹೋಗುವ ಆಯುಷ್ಯ ೫.೧ ವರ್ಷ, ಧೂಮಪಾನದ ಕಾರಣದಿಂದ ಕಳೆದುಹೋಗುವುದು ೧೨.೩ ವರ್ಷ. ಯಾವುದರ ಹೆಸರನ್ನು ಕೇಳಿ ಮನೆಮಂದಿಯೇ ದೂರ ಸರಿಯುವರೋ ಅದು ಐದು ವರ್ಷವನ್ನು ಕಸಿದರೆ, ಯಾವುದನ್ನು ನೆಂಟರು ಬಂದಾಗ ಕೈಯಾರೆ ಕೊಟ್ಟು ಉಪಚರಿಸುವೆವೋ ಅದು ಹನ್ನೆರಡು ವರ್ಷವನ್ನು ಕಸಿಯಿತು. ೨೦೧೭ರಲ್ಲಿ ಅಮೇರಿಕೆಯ ಸಂಶೋಧಕರು ಮಾಡಿದ ಇನ್ನೊಂದು ಲೆಕ್ಕಾಚಾರದ ಪ್ರಕಾರ, ಔಷಧವನ್ನು ತಪ್ಪದೆ ನುಂಗುತ್ತ ಧೂಮಪಾನವನ್ನೂ ಮುಂದುವರಿಸುವವರು ಏಡ್ಸಿನಿಂದ ಸಾಯುವುದಕ್ಕಿಂತ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಆರರಿಂದ ಹದಿಮೂರು ಪಟ್ಟು ಅಧಿಕ.

ಹೀಗೇಕೆ ಆಗುತ್ತದೆ? ಗುಳಿಗೆಯು ವೈರಸ್ಸನ್ನು ಅಡಗಿಸುತ್ತದೆ, ನಿರ್ಮೂಲಮಾಡುವುದಿಲ್ಲ. ವೈರಸ್ಸು ಅಡಗಿದ ಮೇಲೆಯೂ ದೇಹದೊಳಗೆ ಒಂದು ಬಗೆಯ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ. ಹೊಗೆಯು ಆ ಕೆಂಡಕ್ಕೆ ಊದುಗೊಳವೆಯಾಗುತ್ತದೆ. ಎಚ್‌ಐವಿ ಇರುವವರಲ್ಲಿ ಹೃದ್ರೋಗದ ಸಂಭವ ಮೊದಲೇ ಹೆಚ್ಚು. ಹೊಗೆ ಅದನ್ನು ಇನ್ನೂ ಹೆಚ್ಚಿಸುತ್ತದೆ. ಉಸಿರಿನ ದಾರಿಯಲ್ಲಿ ಧೂಳನ್ನೂ ರೋಗಾಣುವನ್ನೂ ಗುಡಿಸಿ ಹೊರಹಾಕುವ ಸೂಕ್ಷ್ಮವಾದ ಕೂದಲುಗಳಿವೆ. ಹೊಗೆಗೆ ಅವು ಸುಟ್ಟು ಸೊರಗುತ್ತವೆ. ಕಸ ಗುಡಿಸುವವನನ್ನೇ ಓಡಿಸಿದ ಅಡಿಗೆಮನೆಯಲ್ಲಿ ಏನಾಗುವುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಭಯವೂ ಸೇರುತ್ತದೆ, ಅದು ಕ್ಷಯ. ಎಚ್‌ಐವಿ ಇರುವವರನ್ನು ಜಗತ್ತಿನಲ್ಲಿ ಅತ್ಯಧಿಕವಾಗಿ ಕೊಲ್ಲುವ ರೋಗ ಕ್ಷಯವೇ. ಧೂಮಪಾನವೊಂದೇ ಕ್ಷಯದ ಸಂಭವವನ್ನು ಸುಮಾರು ಎರಡು ಪಟ್ಟಿಗೇರಿಸುತ್ತದೆ. ಎಂಟು ಹತ್ತು ಮಂದಿ ಚಾಪೆಗೆ ಚಾಪೆ ತಗುಲಿಸಿ ಮಲಗುವ ನಮ್ಮ ಹೊಟೇಲಿನ ಕೊಠಡಿಗಳಲ್ಲಿ, ಕಿಟಕಿ ಮುಚ್ಚಿದ ಇರುಳಿನಲ್ಲಿ, ಒಬ್ಬನ ಕೆಮ್ಮು ಒಬ್ಬನದಾಗಿಯೇ ಉಳಿಯುವುದಿಲ್ಲ. ಎಚ್‌ಐವಿ ಒಂದೇ ಕೊಠಡಿಯಲ್ಲಿ ಮಲಗಿದವರಿಗೆ ಅಂಟದು, ಕ್ಷಯ ಅಂಟುತ್ತದೆ. ನಾವು ಯಾವುದಕ್ಕೆ ಹೆದರಬಾರದೋ ಅದಕ್ಕೆ ಹೆದರಿ, ಯಾವುದಕ್ಕೆ ಹೆದರಬೇಕೋ ಅದಕ್ಕೆ ಬೆಂಕಿಕಡ್ಡಿ ಗೀರಿ ಕೊಡುತ್ತಿದ್ದೇವೆ.

ಇನ್ನು ನಮ್ಮವರು ಹೇಳುವ ಸಮಾಧಾನಗಳನ್ನು ಪರಿಶೀಲಿಸೋಣ. “ಸಿಗರೇಟು ಕೆಟ್ಟದು, ಬೀಡಿ ಎಲೆಯದ್ದಲ್ಲವೇ” ಎನ್ನುವವರಿದ್ದಾರೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆಯಿದ್ದರೂ ಅದು ಆರಿಹೋಗದಿರಲೆಂದು ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುತ್ತದೆ. ಅದರಿಂದ ಒಳಗೆ ಹೋಗುವ ಡಾಂಬರಿನಂತಹ ಕಿಟ್ಟವೂ ವಿಷಾನಿಲವೂ ಸಿಗರೇಟಿನದಕ್ಕಿಂತ ಕಡಿಮೆಯೇನೂ ಅಲ್ಲ, ಹೆಚ್ಚೇ. “ಹೊಗೆ ಬೇಡವಾದರೆ ಗುಟ್ಕಾ, ತಂಬಾಕು ಅಗಿಯುತ್ತೇನೆ” ಎನ್ನುವುದು ಬಾಣಲೆಯಿಂದ ಬೆಂಕಿಗೆ ಬೀಳುವ ಉಪಾಯ. ಬಾಯಿಯ ಕ್ಯಾನ್ಸರಿಗೆ ಅದೇ ರಾಜಮಾರ್ಗ. “ಸೇದದಿದ್ದರೆ ತಲೆ ಸಿಡಿಯುತ್ತದೆ, ಸೇದಿದರೆ ಹಗುರವಾಗುತ್ತದೆ” ಎಂಬುದು ನಿಜವೇ. ಆದರೆ ಆ ಸಿಡಿತವನ್ನು ಉಂಟುಮಾಡುವುದು ನಿಕೊಟಿನ್ ಎಂಬ ಚಟದ ವಸ್ತುವೇ. ಸಾಲ ಕೊಟ್ಟವನೇ ಬಡ್ಡಿಗೆ ಮತ್ತಷ್ಟು ಸಾಲ ಕೊಟ್ಟು ಉಪಕಾರಿಯೆನಿಸಿಕೊಳ್ಳುವ ರೀತಿ ಇದು.

ಇನ್ನೊಂದು ಮಾತಿಗೆ ಉತ್ತರ ಕೊಡುವುದು ನಮಗೆ ಅಷ್ಟು ಸುಲಭವಲ್ಲ. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಜಗಲಿಯಲ್ಲಿ ನಮ್ಮ ತಾಯಂದಿರೂ ಅಕ್ಕತಂಗಿಯರೂ ಮೊರವನ್ನು ಮಡಿಲಲ್ಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು ಬಂದ ದುಡ್ಡಿನಿಂದ ನಮ್ಮನ್ನು ಸಾಕಿದ್ದಾರೆ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಶುಲ್ಕವೂ ಆ ದುಡ್ಡಿನದೇ. ಆ ದುಡಿಮೆಯನ್ನು ಹಳಿಯುವ ಬಾಯಿ ನಮ್ಮದಲ್ಲ; ಆ ಹೆಣ್ಣುಮಕ್ಕಳಿಗೆ ಬೇರೆ ಯೋಗ್ಯವಾದ ಕೆಲಸವನ್ನು ಒದಗಿಸದೆ ಅದನ್ನು ನಿಲ್ಲಿಸೆನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಆದರೆ ತಾಯಿ ಬೆನ್ನು ಬಗ್ಗಿಸಿ ಬೀಡಿ ಕಟ್ಟಿದುದು ಮಗನು ಮುಂಬಯಿಗೆ ಹೋಗಿ ಬದುಕಲೆಂದು. ಅದನ್ನೇ ಸೇದಿ ಅವಳಿಗಿಂತ ಮೊದಲು ಹೋಗಲೆಂದು ಯಾವ ತಾಯಿಯೂ ಕಟ್ಟಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನು ಓದಿದ ಯಾವನೊಬ್ಬನೂ, “ಹೇಗೂ ಬೀಡಿ ಬಿಡಲಾಗದು, ಗುಳಿಗೆಯಿಂದೇನು ಪ್ರಯೋಜನ” ಎಂದು ಔಷಧವನ್ನು ನಿಲ್ಲಿಸಕೂಡದು. ಬೀಡಿಯ ಹೊಗೆಯು ಇಂದಿನ ಗುಳಿಗೆಯನ್ನು ನಿಷ್ಫಲಗೊಳಿಸುವುದಿಲ್ಲ. ಸೇದುವವನಿಗೂ ಗುಳಿಗೆ ಬೇಕೇ ಬೇಕು. ನಿಲ್ಲಿಸಬೇಕಾದುದು ಬೀಡಿ ಮಾತ್ರ. ಇನ್ನೊಂದು ಸಣ್ಣ ಸಂಗತಿ: ಹುಳಿತೇಗು, ಎದೆಯುರಿಗೆಂದು ಅಂಗಡಿಯಿಂದ ತಂದು ಕುಡಿಯುವ ಕೆಲವು ಔಷಧಗಳು, ಸುಣ್ಣಸತ್ತ್ವದ ಹಾಗೂ ಕಬ್ಬಿಣಸತ್ತ್ವದ ಗುಳಿಗೆಗಳು ಡೊಲುಟೆಗ್ರಾವಿರ್ ದೇಹಕ್ಕೆ ಹತ್ತದಂತೆ ಮಾಡುತ್ತವೆ. ಅಂತಹವನ್ನು ತೆಗೆದುಕೊಳ್ಳುವುದಿದ್ದರೆ ಎಚ್‌ಐವಿಯ ಗುಳಿಗೆಯನ್ನು ಅದಕ್ಕೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಬಳಿಕ ನುಂಗಬೇಕೆಂಬುದು ನಿಯಮ. ಎ.ಆರ್.ಟಿ. ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳುವುದು ಉತ್ತಮ.

ಬೀಡಿಯನ್ನು ಬಿಡುವುದು ಹೇಗೆ? ಉಪದೇಶದಿಂದ ಯಾರೂ ಬಿಟ್ಟುದಿಲ್ಲವೆಂಬುದನ್ನು ನಾವು ಬಲ್ಲೆವು. ಒಂದು ದಿನವನ್ನು ಗೊತ್ತುಮಾಡಿ, ಅಂದಿನಿಂದ ಜೇಬಿನಲ್ಲಿ ಬೀಡಿಯನ್ನೂ ಕಡ್ಡಿಪೆಟ್ಟಿಗೆಯನ್ನೂ ಇಡಬಾರದು. ಸೇದಬೇಕೆಂಬ ತವಕ ಕೆಲವೇ ನಿಮಿಷಗಳ ಅಲೆ. ನೀರು ಕುಡಿದು, ನಾಲ್ಕು ಹೆಜ್ಜೆ ನಡೆದರೆ ಅದು ಇಳಿಯುತ್ತದೆ. ಮೊದಲ ವಾರವೇ ಕಠಿಣ. ಔಷಧದಂಗಡಿಗಳಲ್ಲಿ ನಿಕೊಟಿನ್ ಗಮ್ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್ಮಿನಂತೆ ಸತತವಾಗಿ ಅಗಿಯದೆ, ನಾಲ್ಕು ಸಲ ಅಗಿದು ಕೆನ್ನೆಯ ಪಕ್ಕದಲ್ಲಿಟ್ಟುಕೊಳ್ಳಬೇಕು. ರುಚಿ ತಗ್ಗಿದ ಮೇಲೆ ಮತ್ತೆ ಅಗಿಯಬೇಕು. ೧೮೦೦-೧೧-೨೩೫೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸೇವೆ ದೊರೆಯುತ್ತದೆ. ಕರೆಗೆ ಖರ್ಚಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಎಚ್‌ಐವಿಯ ವಿಷಯಕ್ಕೆ ೧೦೯೭. ಆಸ್ಪತ್ರೆಯಲ್ಲಿ ಗುಳಿಗೆಯ ಲೆಕ್ಕವನ್ನು ಕೇಳುವವರು ಬೀಡಿಯ ಲೆಕ್ಕವನ್ನು ಕೇಳದಿದ್ದರೆ ನೀವೇ ಹೇಳಿರಿ, ಅದರಲ್ಲಿ ನಾಚಿಕೆಯಿಲ್ಲ. ಒಮ್ಮೆ ಬಿಟ್ಟು ಮತ್ತೆ ಹಿಡಿದವರು ಸೋತೆವೆಂದು ತಿಳಿಯಬಾರದು. ಬಿಟ್ಟವರಲ್ಲಿ ಬಹುಮಂದಿ ಹಲವು ಸಲ ಯತ್ನಿಸಿ ಗೆದ್ದವರೇ. ಬಿಟ್ಟು ಒಂದು ವರ್ಷ ಕಳೆದರೆ, ಧೂಮಪಾನದಿಂದ ಬಂದ ಹೃದ್ರೋಗದ ಅಪಾಯ ಅರ್ಧದಷ್ಟು ಇಳಿಯುತ್ತದೆ. ತಡವಾಯಿತೆನ್ನುವ ದಿನ ಎಂದೂ ಇಲ್ಲ.

ಕೊನೆಯಲ್ಲಿ ನಮ್ಮ ಮಾಲಕ ಬಂಧುಗಳಲ್ಲಿ ಒಂದೆರಡು ಮಾತು. ನಮ್ಮ ಸಂದರ್ಶಕರಿಗೆ ಬೀಡಿಯನ್ನು ಕಲಿಸಿದುದು ಯಾರೆಂದು ನಾವು ಕೇಳಿದೆವು. “ನಮ್ಮ ಅಡಿಗೆಮನೆಯಲ್ಲಿ, ಧಣಿ” ಎಂದರು. ನಮ್ಮ, ಅಂದರೆ ಈ ಲೇಖಕರ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೂರೂವರೆಯ ಹೊತ್ತಿಗೆ, ಬೀಡಿ ಸೇದುವವರು ಹಿಂದಿನ ಬಾಗಿಲಿನಲ್ಲಿ ಹತ್ತು ನಿಮಿಷ ಕುಳಿತರೆ ನಾವು ಏನೂ ಅನ್ನುತ್ತಿರಲಿಲ್ಲ. ಸೇದದ ಹುಡುಗ ಸುಮ್ಮನೆ ಕುಳಿತದ್ದು ಕಂಡರೆ ಈರುಳ್ಳಿಯ ಮೂಟೆಯನ್ನು ಅವನ ಮುಂದೆ ಸುರಿಸುತ್ತಿದ್ದೆವು. ಹದಿನೆಂಟರ ಹುಡುಗನಿಗೆ ವಿಶ್ರಾಂತಿಯ ಚೀಟಿ ಬೀಡಿಯೇ ಎಂದು ನಾವೇ ಕಲಿಸಿದೆವು. ಇಂದಿಗೂ ಎಷ್ಟು ಹೊಟೇಲುಗಳಲ್ಲಿ ಈ ಪದ್ಧತಿ ಬದಲಾಗಿದೆಯೆಂದು ಮಾಲಕರು ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ.

ಕೆಲಸದ ಸ್ಥಳದಲ್ಲಿ ಧೂಮಪಾನವನ್ನು ೨೦೦೮ರ ಅಕ್ಟೋಬರ್ ೨ರಿಂದ ನಿಷೇಧಿಸಲಾಗಿದೆ. ಅಡಿಗೆಮನೆಯೂ ಕೆಲಸದ ಸ್ಥಳವೇ. ಎಚ್‌ಐವಿ ಇದೆಯೆಂದು ಯಾರನ್ನೂ ಕೆಲಸದಿಂದ ತೆಗೆಯಕೂಡದು, ಕೆಲಸ ಕೊಡಲು ಆ ಪರೀಕ್ಷೆಯನ್ನು ಶರತ್ತಾಗಿ ವಿಧಿಸಕೂಡದೆಂದು ೨೦೧೭ರ ಕಾಯಿದೆ ಹೇಳುತ್ತದೆ. ಅದು ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಯಲ್ಲಿದೆ. ೨೦೦೯ರಲ್ಲಿ ನಾವು ಮಾಡಿದುದನ್ನು ಇಂದು ಮಾಡಿದರೆ ಅದು ಕಾಯಿದೆಗೂ ವಿರುದ್ಧ. ಆದರೆ ಕಾಯಿದೆಗಿಂತ ಮೊದಲು ಮಾಡಬಹುದಾದ ಸುಲಭವಾದ ಕೆಲಸಗಳಿವೆ. ಸೇದುವವನಿಗೂ ಸೇದದವನಿಗೂ ಸಮಾನವಾಗಿ ಹತ್ತು ನಿಮಿಷದ ಬಿಡುವನ್ನು ಕೊಡಿ. ಆಸ್ಪತ್ರೆಗೆ ಹೋಗುತ್ತೇನೆಂದವನಿಗೆ ಏಕೆ, ಏನು ಎಂದು ಎಲ್ಲರೆದುರು ಕೇಳದೆ ರಜೆ ಕೊಡಿ. ಆ ರಜೆಗೆ ಸಂಬಳವನ್ನು ಕಡಿಯಬೇಡಿ. ಗಲ್ಲದ ಪಕ್ಕದಲ್ಲಿ ಬೀಡಿ ಸಿಗರೇಟು ಮಾರುವುದನ್ನು ನಿಲ್ಲಿಸಿ. ಮಲಗುವ ಕೊಠಡಿಯ ಕಿಟಕಿಗಳನ್ನು ತೆರೆಯಿಸಿ. ಇವುಗಳಿಗೆ ತಗಲುವ ಖರ್ಚು ಒಂದು ತಿಂಗಳಲ್ಲಿ ಒಡೆಯುವ ಗಾಜಿನ ಲೋಟಗಳ ಬೆಲೆಗಿಂತ ಹೆಚ್ಚಾಗದು.

ನಮ್ಮ ಹಳೆಯ ಸಂಗಾತಿ ಅಂದು ಹೊರಡುವಾಗ ನಮ್ಮಿಂದ ಹಣವನ್ನು ಕೇಳಲಿಲ್ಲ, ಹಳೆಯ ಸಂಗತಿಯನ್ನೂ ಎತ್ತಲಿಲ್ಲ. “ನನ್ನ ಹೆಸರು ಬೇಡ. ಆದರೆ ಪೇಪರಿನಲ್ಲಿ ಬರೆಯಿರಿ. ಹುಡುಗರು ಓದಲಿ” ಎಂದಷ್ಟೇ ಹೇಳಿದರು. ಅವರು ಬೀಡಿಯನ್ನು ಬಿಟ್ಟು ಆಗ ಹನ್ನೊಂದು ದಿನವಾಗಿತ್ತು. ಮಾಳಿಗೆಯ ಮೆಟ್ಟಿಲುಗಳನ್ನು ಇಳಿಯುವಾಗ ಎರಡು ಸಲ ನಿಂತರು. ನಾವೂ ಅವರೊಡನೆ ನಿಂತೆವು.

ಅವರು ಹೇಳಿದಂತೆ ಬರೆದಿದ್ದೇವೆ. ಹುಡುಗರು ಓದಲಿ. ಮಾಲಕರು ನಾಳೆ ಮೂರೂವರೆಗೆ ಅಡಿಗೆಮನೆಯ ಹಿಂದೆ ಒಂದು ಬೆಂಚನ್ನು ಹಾಕಿಸಿ, ಎಲ್ಲರಿಗೂ ಒಂದೊಂದು ಲೋಟ ಚಹಾ ಕೊಡಿಸಲಿ. ಸರಕಾರವು ಗುಳಿಗೆಯನ್ನು ಕೊಟ್ಟಿದೆ. ಬೆಂಚನ್ನಾದರೂ ನಾವು ಕೊಡಬೇಡವೇ?